ಅತ್ತೆಯರನ್ನು ಬ್ರೆಡ್ಡಿಗೆ ಕಳಿಸುತ್ತಿದ್ದ ಮೇಡಂ

ಅವರ ಬೆರಳ ತುದಿಗಳು ಕಂದುಗಟ್ಟಿದ್ದವು. ಮದರಂಗಿಯ ಕೆಂಪಲ್ಲ. ಕಾಫಿ ಫಿಲ್ಟರನ್ನು ತಿಂಗಳುಗಟ್ಟಲೆ ಉಜ್ಜದೆ ಬಿಟ್ಟರೆ ತಳದಲ್ಲಿ ಒಂದು ಬಣ್ಣ ಕೂರುತ್ತದಲ್ಲ, ಅದು. ಉಗುರುಗಳು ಹುಣಸೆಬೀಜದ ಹಾಗೆ ಹೊಳೆಯುತ್ತಿದ್ದವು. ಮೊದಲ ಸಲ ನನ್ನ ಅಂಗಡಿಯ ಮುಂದೆ ಬಂದು ನಿಂತಾಗ ಅವರ ಇಸ್ತ್ರಿ ಮಾಡಿದ ಬಿಳಿ ಕೋಟು, ಎಣ್ಣೆ ಹಚ್ಚಿ ಬಿಗಿದ ಜಡೆ ನೋಡಿ, ಆಮೇಲೆ ಆ ಬೆರಳುಗಳನ್ನು ನೋಡಿ, ಇಷ್ಟು ಮರ್ಯಾದಸ್ಥ ಹೆಂಗಸು ಕದ್ದು ಬೀಡಿ ಸೇದುತ್ತಾರಲ್ಲಪ್ಪ ಎಂದುಕೊಂಡೆ. ಹತ್ತಿರ ಬಂದರೆ ಹೊಗೆಯ ವಾಸನೆ ಇರಲಿಲ್ಲ. ಹಳೆಯ ಉಪ್ಪಿನಕಾಯಿ ಜಾಡಿ ತೆರೆದಂತೆ ಒಂದು ಹುಳಿ ವಾಸನೆ. ಎಕ್ಸ್‌ರೇ ಫಿಲ್ಮು ತೊಳೆಯುವ ನೀರಿನದು ಅದು. ಸೋಪು, ಸೀಗೆಕಾಯಿ, ನಿಂಬೆಹೋಳು ಯಾವುದಕ್ಕೂ ಬಗ್ಗುವುದಿಲ್ಲ ಎಂದು ಆಮೇಲೆ ತಿಳಿಯಿತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಕನಕಪುರ ರಸ್ತೆಯ ಕಡೆಯ ಹಳ್ಳಿಯಿಂದ ಬಾಳೆಹಣ್ಣಿನ ಬುಟ್ಟಿ ಹೊತ್ತುಕೊಂಡು ಬಂದವನು ನಾನು. ಜಯನಗರದ ಒಂದು ಅಡ್ಡರಸ್ತೆಯಲ್ಲಿ ಹೊಂಗೆ ಮರದ ಕೆಳಗೆ ಒಂದು ಪೆಟ್ಟಿಗೆ ಅಂಗಡಿ ಹಾಕಿಕೊಂಡಿದ್ದೆ. ಎದುರಿಗೆ ಒಬ್ಬ ಮೂಳೆ ಡಾಕ್ಟರು ಹೊಸದಾಗಿ ತೆರೆದಿದ್ದ ಸರ್ಜಿಕಲ್ ಕ್ಲಿನಿಕ್ಕು. ಅಲ್ಲಿ ರಾತ್ರಿ ಉಳಿಯುವ ರೋಗಿಗಳಿರಲಿಲ್ಲ. ಬೆಳಗ್ಗೆ ಬಂದು, ಮುರಿದ ಕೈ ಕೂಡಿಸಿಕೊಂಡೋ ಗಡ್ಡೆ ತೆಗೆಸಿಕೊಂಡೋ, ಸಂಜೆ ಆಟೋ ಹತ್ತಿ ಮನೆಗೆ ಹೋಗಬೇಕು. ಬೀದಿಯವರು ಅದನ್ನು ‘ಹಾಸಿಗೆ ಇಲ್ಲದ ಆಸ್ಪತ್ರೆ’ ಎಂದು ನಗುತ್ತಿದ್ದರು. ನಾನು ನಗಲಿಲ್ಲ. ಹಾಸಿಗೆ ಇಲ್ಲ ಎಂದರೆ ಜೊತೆಗೆ ಬಂದವರೆಲ್ಲ ದಿನವಿಡೀ ಹೊರಗೆ ನಿಲ್ಲುತ್ತಾರೆ; ನಿಂತವರಿಗೆ ಹಸಿವು, ಬಾಯಾರಿಕೆ ಎರಡೂ ಆಗುತ್ತವೆ. ಬ್ರೆಡ್ಡು, ಬಾಳೆಹಣ್ಣು, ಸೋಡಾ, ಬಾಡಿಗೆಗೆ ಕಾಫಿ ಫ್ಲಾಸ್ಕು ಇಟ್ಟೆ. ಅಂಗಡಿ ಹಾಕಬೇಕೆನ್ನುವ ಹುಡುಗರಿಗೆ ನಾನು ಇವತ್ತಿಗೂ ಹೇಳುವುದು ಅದನ್ನೇ: ಜನ ಓಡಾಡುವ ಜಾಗ ನೋಡಬೇಡಿ, ಜನ ಕಾಯುವ ಜಾಗ ನೋಡಿ.

ಅವರು ಆ ಕ್ಲಿನಿಕ್ಕಿನ ಎಕ್ಸ್‌ರೇ ಮೇಡಂ. ಮೊದಲ ದಿನ ಕೇಳಿದ್ದು ಐಸು.

“ದಿನಾ ಬೇಕು. ಯುಗಾದಿ ಕಳೆದು ಮಳೆ ಬರೋವರ್ಗೂ.”

“ಕೊಡೋಣ ಮೇಡಂ. ಜ್ಯೂಸಿಗಾ?”

“ಫಿಲ್ಮ್ ತೊಳೆಯೋ ತೊಟ್ಟಿ ತಣ್ಣಗಿರ್ಬೇಕು. ಬಿಸಿ ಆದ್ರೆ ಮೂಳೆ ಎಲ್ಲ ಮಂಜು ಮಂಜಾಗ್ಬಿಡುತ್ತೆ. ದಿನಾ ತಗೊಳೋರಿಗೂ ಅದೇ ರೇಟಾ?”

“ಕರಗೋ ಸಾಮಾನು ಮೇಡಂ. ಲಾಸ್ ಪೂರ್ತಿ ನನ್ದೇ.”

“ಕರಗಿದ ನೀರಲ್ಲೇ ನೀವು ಸೋಡಾ ಬಾಟ್ಲು ತಣ್ಣಗೆ ಮಾಡೋದು ನಾನು ನೋಡಿಲ್ವಾ?”

ನನ್ನ ಜೀವನದಲ್ಲಿ ಚೌಕಾಸಿಯಲ್ಲಿ ಸೋತದ್ದು ಕಡಿಮೆ. ಆವತ್ತು ಸೋತೆ, ಅದೂ ಖುಷಿಯಾಗಿ. ಮರದ ಹೊಟ್ಟಿನಲ್ಲಿ ಹೂತಿಟ್ಟ ಐಸಿನ ಗಡ್ಡೆಯನ್ನು ಒಡೆದು ಗೋಣಿಯಲ್ಲಿ ಸುತ್ತಿ ನಾನೇ ಒಳಗೆ ಕೊಟ್ಟು ಬರುತ್ತಿದ್ದೆ. ಹಾಗಾಗಿ ಆ ಕತ್ತಲೆ ಕೋಣೆಯನ್ನು ನೋಡಿದ್ದೇನೆ. ಒಂದು ಕೆಂಪು ದೀಪ. ಅದರ ಬೆಳಕಿನಲ್ಲಿ ಅವರ ಮುಖ ಇರುತ್ತಿರಲಿಲ್ಲ, ಕೈ ಮಾತ್ರ ಇರುತ್ತಿತ್ತು. ಹಗ್ಗದ ಮೇಲೆ ಸಾಲಾಗಿ ತೂಗುಹಾಕಿದ ಒದ್ದೆ ಫಿಲ್ಮುಗಳಿಂದ ತೊಟ್ಟಿಕ್ಕುತ್ತಿದ್ದ ನೀರು. ಯಾರದೋ ಮಂಡಿ, ಯಾರದೋ ಪಕ್ಕೆಲುಬು. ಅವುಗಳ ನಡುವೆ ತಲೆ ಬಗ್ಗಿಸಿ ನಡೆಯುವಾಗ ಆ ಜನರನ್ನೆಲ್ಲ ತಳ್ಳಿಕೊಂಡು ಹೋದಂತೆ ಅನ್ನಿಸಿ ನನಗೆ ಬೆನ್ನು ಜುಮ್ಮೆನ್ನುತ್ತಿತ್ತು. ಅವರು ಮಾತ್ರ ಆರಾಮವಾಗಿ, “ಹುಷಾರು ರೀ, ಆ ಸೊಂಟದೋರಿಗೆ ತಾಗಿಸ್ಬೇಡಿ, ಇನ್ನೂ ಒಣಗಿಲ್ಲ” ಎನ್ನುತ್ತಿದ್ದರು.

ಗೋಡೆಯಾಚೆಯಿಂದ ಅವರ ಧ್ವನಿ ರಸ್ತೆಗೂ ಕೇಳುತ್ತಿತ್ತು. “ಅಲ್ಲಾಡ್ಬೇಡಿ. ಉಸಿರು ಎಳ್ಕೊಳ್ಳಿ. ಹಿಡೀರಿ.” ಒಂದು ಗುಯ್ ಸದ್ದು. “ಬಿಡಿ.” ಒಮ್ಮೆ ಹಿಡಿಯಿರಿ ಎಂದಾಗಲೇ ಕರೆಂಟು ಹೋಗಿ, ಇವರು ಸ್ವಿಚ್ ನೋಡಲು ಓಡಿ, ಬಿಡಿ ಎನ್ನುವುದನ್ನೇ ಮರೆತರಂತೆ. ಒಳಗಿದ್ದ ಅಜ್ಜಿ ಕಣ್ಣು ಮೇಲೆ ಮಾಡುವವರೆಗೂ ಉಸಿರು ಬಿಟ್ಟಿರಲಿಲ್ಲ. “ಬಿಡೋದಲ್ವಾ ಅಜ್ಜಿ?” ಎಂದರೆ, “ನೀನು ಹೇಳ್ಬೇಕಿತ್ತಲ್ಲ ತಾಯಿ” ಎಂದಿತಂತೆ. ಜನ ಅವರ ಮಾತನ್ನು ಅಷ್ಟು ನಂಬುತ್ತಿದ್ದರು.

ಇನ್ನು ಬ್ರೆಡ್ಡಿನ ವಿಷಯ. ಆಗಾಗ ಒಬ್ಬ ಹಿರಿಯ ಹೆಂಗಸು ಕ್ಲಿನಿಕ್ಕಿನಿಂದ ಸೆರಗು ಸರಿಮಾಡಿಕೊಳ್ಳುತ್ತ ಗಡಿಬಿಡಿಯಲ್ಲಿ ರಸ್ತೆ ದಾಟಿ ಬರುತ್ತಿದ್ದಳು. “ಒಂದು ಬ್ರೆಡ್ ಕೊಡಪ್ಪ, ಬೇಗ. ಸೊಸೆಗೆ ತಲೆ ಸುತ್ತುತ್ತೆ, ತಿನ್ನಿಸ್ಬೇಕು ಅಂದ್ರು ಮೇಡಂ.” ಮರುದಿನ ಇನ್ನೊಬ್ಬಳು. ಅದೇ ಮಾತು. ನನಗೆ ವ್ಯಾಪಾರ ಮಾಡಿಕೊಡುತ್ತಿದ್ದಾರೆ ಎಂದು ಸಂತೋಷಪಟ್ಟು, ಒಂದು ದಿನ ಐಸಿನ ಜೊತೆ ಒಂದು ಬನ್ನನ್ನೂ ಇಟ್ಟು, “ತಮ್ಮ ದಯೆ ಮೇಡಂ” ಎಂದೆ. ಅವರು ನಕ್ಕರು ನೋಡಿ, ಆಯಮ್ಮ ಅಷ್ಟು ನಕ್ಕಿದ್ದು ನಾನು ಮತ್ತೆ ನೋಡಲಿಲ್ಲ.

“ನಿಮ್ಮ ಬ್ರೆಡ್ ಯಾರಿಗೆ ಬೇಕು ರೀ? ನನಗೆ ಬೇಕಾಗಿರೋದು ಅತ್ತೆ ರಸ್ತೆ ದಾಟೋದು.”

ಆಮೇಲೆ ಬಿಡಿಸಿ ಹೇಳಿದರು. ಹೊಟ್ಟೆ, ಸೊಂಟದ ಎಕ್ಸ್‌ರೇ ತೆಗೆಯುವ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಲೇಬೇಕು. ಬಸುರಿದ್ದರೆ ಆ ಕಿರಣ ಒಳಗಿನ ಕೂಸಿಗೆ ತಾಗುತ್ತದೆ, ತೆಗೆಯಬಾರದು. “ಆದ್ರೆ ಅತ್ತೆ ಪಕ್ಕದಲ್ಲಿದ್ರೆ ಅತ್ತೇನೇ ಉತ್ತರ ಹೇಳ್ತಾರೆ. ಗಂಡ ಇದ್ರೆ ಗಂಡ ಹೇಳ್ತಾನೆ. ಹೊಟ್ಟೆ ಯಾರ್ದು ಅನ್ನೋದೇ ಅವರಿಗೆ ಮರ್ತು ಹೋಗಿರುತ್ತೆ. ಆ ಹುಡುಗಿ ಬಾಯಿ ಬಿಡ್ಬೇಕಾದ್ರೆ ಕೋಣೆ ಖಾಲಿ ಆಗ್ಬೇಕು.” ಗಂಡಸರನ್ನು ಹೊರಗಿರಿ ಎಂದು ಗದರಿಸಿದರೆ ಸಾಕು. ಅತ್ತೆಯರನ್ನು ಗದರಿಸುವಂತಿಲ್ಲ, ಅವರಿಗೆ ಒಂದು ಕೆಲಸ ಕೊಡಬೇಕು. ಆ ಕೆಲಸ ನನ್ನ ಅಂಗಡಿಯ ಬ್ರೆಡ್ಡು.

ಈಗ ನನ್ನ ಮನೆಗೆ ಬರುತ್ತೇನೆ. ಇಟ್ಟಮಡುವಿನಲ್ಲಿ ಎರಡು ಕೋಣೆಯ ಶೀಟಿನ ಮನೆ. ನಾನು, ನನ್ನ ತಾಯಿ, ನನ್ನ ಹೆಂಡತಿ. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಿರಲಿಲ್ಲ. ಒಂದು ಸಲ ಹೆಂಡತಿಗೆ ದಿನ ಮೀರಿತು. ಅಮ್ಮ ಇಟ್ಟಮಡುವಿನ ಬೀದಿ ನಲ್ಲಿಯಿಂದ ಹಿಡಿದು ನಮ್ಮ ಊರಿನ ದಾಯಾದಿಗಳ ಮನೆಯವರೆಗೆ ಸುದ್ದಿ ಮುಟ್ಟಿಸಿ, ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದಳು. ವಾರ ಕಳೆಯುವುದರೊಳಗೆ ಅದು ಸುಳ್ಳಾಯಿತು. ಯಾರೂ ಏನೂ ಅನ್ನಲಿಲ್ಲ. ಅನ್ನದೆ ನೋಡುತ್ತಾರಲ್ಲ, ಅದೇ ಹೆಚ್ಚು. ನನ್ನ ಹೆಂಡತಿ ಆಮೇಲೆ ಬಹಳ ದಿನ ನಲ್ಲಿಗೆ ಹೋಗುವಾಗ ಮುಖದ ತುಂಬ ಸೆರಗು ಎಳೆದುಕೊಂಡು ಹೋಗುತ್ತಿದ್ದಳು.

ನಮ್ಮ ಮನೆಯಲ್ಲಿ ಮುಟ್ಟಾದರೆ ಮೂರು ದಿನ ಹಿತ್ತಲ ಸೂರಿನ ಕೆಳಗೆ ಕೂರಬೇಕು. ಚಾಪೆ ಬೇರೆ, ತಟ್ಟೆ ಬೇರೆ. ಅಮ್ಮ ಅದರಲ್ಲಿ ಬಹಳ ಕಟ್ಟುನಿಟ್ಟು. ಆದ್ದರಿಂದ ಸೊಸೆ ಯಾವಾಗ ಹೊರಗೆ ಕೂತಳು, ಯಾವಾಗ ನೀರು ಹಾಕಿಕೊಂಡಳು ಎನ್ನುವುದು ಸೊಸೆಗಿಂತ ಅಮ್ಮನಿಗೆ ಚೆನ್ನಾಗಿ ಗೊತ್ತಿರುತ್ತಿತ್ತು.

ಒಂದು ಬೆಳಗ್ಗೆ ನನ್ನ ಹೆಂಡತಿ ಕೊಡಪಾನ ಹೊತ್ತು ಬರುವಾಗ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು. ಸೊಂಟ ಹಿಡಿದುಕೊಂಡವಳು ಏಳಲೇ ಇಲ್ಲ. ನಾನೂ ಅಮ್ಮನೂ ಆಟೋದಲ್ಲಿ ಮಲಗಿಸಿಕೊಂಡು ನೇರ ಆ ಕ್ಲಿನಿಕ್ಕಿಗೇ ಬಂದೆವು. ಪರಿಚಯದ ಜಾಗ, ನಮ್ಮವರೇ ಇದ್ದಾರೆ ಎನ್ನುವ ಧೈರ್ಯ. ಡಾಕ್ಟರು ಒತ್ತಿ ನೋಡಿ, ಸೊಂಟದ ಎಕ್ಸ್‌ರೇ ಆಗಲಿ ಎಂದರು. ಮೇಡಂ ನನ್ನ ಮುಖ ನೋಡಿ, “ನೀವು ಹೊರಗಿರಿ” ಎಂದರು. ನಾನು ಹೊರಗೆ ನಿಂತೆ. ಒಳಗೆ ನಡೆದದ್ದನ್ನು ಆಮೇಲೆ ಹೆಂಡತಿಯಿಂದ ಅಷ್ಟು, ಮೇಡಂನಿಂದ ಇಷ್ಟು ಕೇಳಿ ತಿಳಿದುಕೊಂಡಿದ್ದೇನೆ.

ಮೇಡಂ ತಮ್ಮ ಪದ್ಧತಿಯಂತೆ ಅಮ್ಮನಿಗೆ ಹೇಳಿದರು, “ಅಮ್ಮಾ, ಇವಳಿಗೆ ತಲೆ ಸುತ್ತೋ ಹಾಗಿದೆ. ಒಂದು ಬ್ರೆಡ್ ತಗೊಂಡ್ಬನ್ನಿ.”

ಅಮ್ಮ ಕದಲಲಿಲ್ಲ. “ಬ್ರೆಡ್ ನಮ್ಮಂಗ್ಡೀದೇ ತಾಯಿ. ಮಗ ಹೊರಗಡೆನೇ ಅವ್ನೆ, ಕೂಗಿದ್ರೆ ತರ್ತಾನೆ.”

ಊರಿನ ಅತ್ತೆಯರನ್ನೆಲ್ಲ ಕಳಿಸಿದ ಅಂಗಡಿಗೆ ಆ ಅಂಗಡಿಯವನ ತಾಯಿಯನ್ನು ಕಳಿಸುವುದು ಹೇಗೆ?

“ಹಾಗಾದ್ರೆ ಸ್ವಲ್ಪ ಹೊತ್ತು ಹೊರಗೆ ಕೂತಿರಿ ಅಮ್ಮ.”

“ಬಿದ್ದು ನರಳ್ತಿರೋ ಮಗೀನ ಬಿಟ್ಟು ನಾನೆಲ್ಲಿಗ್ ಹೋಗ್ಲಿ? ನೀನು ತೆಗಿ ತಾಯಿ, ನಾನು ತಲೆ ಹಿಡ್ಕಂಡಿರ್ತೀನಿ.”

ಇದನ್ನು ಓದುವವರು ನನ್ನ ತಾಯಿಯನ್ನು ಗಯ್ಯಾಳಿ ಎಂದುಕೊಳ್ಳಬಾರದು. ಅವಳು ನಿಜವಾಗಿಯೂ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು, ಅತ್ತು ಅತ್ತು ಅವಳ ಸೆರಗು ಪೂರ್ತಿ ಒದ್ದೆಯಾಗಿತ್ತು. ಪಕ್ಕದ ಕೋಣೆಯಿಂದ ಡಾಕ್ಟರು ಕೂಗುತ್ತಿದ್ದರು, “ಫಿಲ್ಮ್ ಆಯ್ತಾ? ಇಲ್ಲಿ ಇನ್ನೊಂದು ಕೇಸ್ ಟೇಬಲ್ ಮೇಲಿದೆ.” ಮೇಡಂ ಬೇರೆ ದಾರಿ ಕಾಣದೆ ಅಮ್ಮನ ಎದುರಿಗೇ ಕೇಳಿದರು, “ಹೊರಗೆ ಕೂತಿದ್ದು ಯಾವಾಗಮ್ಮ?”

ಹೆಂಡತಿ ಬಾಯಿ ತೆರೆಯುವ ಮೊದಲೇ ಅಮ್ಮ, “ಹೋದ ವಾರ ತಾನೆ. ನಾನೇ ದೂರದಿಂದ ಊಟ ಇಕ್ಕಿದೀನಿ” ಎಂದಳು.

ಮೇಡಂ ನನ್ನ ಹೆಂಡತಿಯನ್ನು ನೋಡಿದರು. ಇವಳು ‘ಹೂಂ’ ಎಂದಳು.

“ಸರಿ. ಅಲ್ಲಾಡ್ಬೇಡ ಕಣಮ್ಮ. ಉಸಿರು ಹಿಡಿ.”

ಮೂಳೆ ಮುರಿದಿರಲಿಲ್ಲ. ಸ್ನಾಯು ಹಿಡಿದುಕೊಂಡಿತ್ತು ಅಷ್ಟೆ. ಮರಳಿನ ಶಾಖ ಕೊಡಿ ಎಂದು ಕಳಿಸಿದರು. ಫಿಲ್ಮನ್ನು ಕಂದು ಕವರಿನಲ್ಲಿ ಹಾಕಿ ನಮ್ಮ ಕೈಗೇ ಕೊಟ್ಟರು.

ಕೆಲವು ವಾರಗಳಾದ ಮೇಲೆ ಮನೆಯಲ್ಲಿ ಸಂಭ್ರಮ. ಹೆಂಡತಿ ಬಸುರಿ. ಈ ಸಲ ಸುಳ್ಳಾಗುವ ಹೆದರಿಕೆ ಇರಲಿಲ್ಲ, ವಾಂತಿ, ಸಂಕಟ ಎಲ್ಲ ಇತ್ತು. ಅಮ್ಮ ಬೆರಳು ಮಡಿಸಿ, ಹಿತ್ತಲಲ್ಲಿ ಕೂತ ದಿನದಿಂದ ಲೆಕ್ಕ ಹಾಕಿದಳು. ಅಂದರೆ ಎಕ್ಸ್‌ರೇ ಆದ ಮೇಲಿನ ಬಸುರು. ನಾನೂ ಹಾಗೇ ತಿಳಿದೆ.

ಒಂದು ಮಧ್ಯಾಹ್ನ ಹೆಂಡತಿ ಬಸ್ಸಿನಲ್ಲಿ ನನಗೆ ಊಟ ತಂದಿದ್ದಳು. ಮೇಡಂ ಐಸಿಗೆ ಬಂದರು. ಅಂಗಡಿಯಲ್ಲಿಟ್ಟಿದ್ದ ಬೇಯಿಸಿದ ಮೊಟ್ಟೆಯ ವಾಸನೆಗೆ ಇವಳು ಮೂಗಿಗೆ ಸೆರಗು ಒತ್ತಿಕೊಂಡಿದ್ದನ್ನು ಕಂಡು, “ಎಷ್ಟು ತಿಂಗಳಮ್ಮ?” ಎಂದು ನಗುತ್ತ ಕೇಳಿದರು. ನಾನು ಹಿಂದುಗಡೆ ಐಸು ಒಡೆಯುತ್ತಿದ್ದೆ, ಮುಂದಿನ ಮಾತು ನನಗೆ ಆಮೇಲೆ ತಿಳಿದದ್ದು. ಹೆಂಡತಿ ದನಿ ತಗ್ಗಿಸಿ, ಗೆದ್ದವಳ ಹಾಗೆ ಹೇಳಿದಳು:

“ಮನೇಲಿ ಎಲ್ರೂ ಎರಡು ಅನ್ಕೊಂಡಿದಾರೆ. ನಿಮ್ಮ ಹತ್ರ ಯಾಕೆ ಮುಚ್ಚಿಡ್ಲಿ ಅಕ್ಕ, ನಾಲ್ಕಾಯ್ತು. ಹೋದ ಸಲದ ಥರ ಊರೆಲ್ಲ ಡಂಗುರ ಆಗ್ಬಾರ್ದು ಅಂತ ಎರಡು ತಿಂಗಳು ಸುಮ್‌ಸುಮ್ನೆ ಹೊರಗೆ ಕೂತ್ಕೊಂಡೆ. ನಮ್ಮತ್ತೆಗೆ ಗೊತ್ತೇ ಆಗ್ಲಿಲ್ಲ!”

ನಾನು ಐಸು ತಂದು “ಮೇಡಂ” ಎಂದೆ. ಅವರು ಗೋಣಿಯಿಲ್ಲದೆ ಬರಿಗೈಯಲ್ಲೇ ಆ ಗಡ್ಡೆ ತೆಗೆದುಕೊಂಡರು. ಅದು ಕರಗಿ ಮೊಣಕೈಯಿಂದ ನೀರು ಇಳಿಯುತ್ತಿತ್ತು. ನನ್ನ ಹೆಂಡತಿಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಐಸನ್ನು ನನ್ನ ಹಲಗೆಯ ಮೇಲೇ ಇಟ್ಟು ರಸ್ತೆ ದಾಟಿ ಹೋದರು.

ಮರುದಿನ ನಾನು ಬಾಗಿಲು ತೆಗೆಯುವ ಮೊದಲೇ ಮರದ ಕೆಳಗೆ ನಿಂತಿದ್ದರು. ಎಲ್ಲವನ್ನೂ ಹೇಳಿದರು. ಎಕ್ಸ್‌ರೇ ತೆಗೆದ ದಿನವೇ ಅವಳು ಎರಡು ತಿಂಗಳ ಬಸುರಿ. ಕೂಸಿನ ಕೈ, ಕಾಲು, ಕಣ್ಣು ಮೂಡುವ ಹೊತ್ತಿನಲ್ಲೇ ಅದಕ್ಕೆ ಕಿರಣ ತಾಗಿದೆ. ಏನೂ ಆಗದಿರಬಹುದು. ಆಗಲೂಬಹುದು. ಹುಟ್ಟುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ, ಹುಟ್ಟಿದ ಮೇಲೂ ಎಷ್ಟು ವರ್ಷ ನೋಡಬೇಕೋ.

ನನಗೆ ಬಂದದ್ದು ದುಃಖವಲ್ಲ, ಸಿಟ್ಟು. “ಯಾಕ್ ಹೇಳಿದ್ರಿ ಮೇಡಂ? ನಮ್ಮ ಪಾಡಿಗೆ ನಾವು ಸಂತೋಷವಾಗಿದ್ವಿ. ಹೇಳ್ದೆ ಇದ್ದಿದ್ರೆ ಯಾರು ಬಂದು ಕೇಳ್ತಿದ್ರು ನಿಮ್ಮನ್ನ?”

“ಯಾರೂ ಕೇಳ್ತಿರ್ಲಿಲ್ಲ. ಡಾಕ್ಟ್ರೂ ಅದನ್ನೇ ಅಂದ್ರು, ಸುಮ್ನಿರಿ ಅಂತ.” ಅವರ ಧ್ವನಿ ಸ್ವಲ್ಪವೂ ಏರಲಿಲ್ಲ. “ಆದ್ರೆ ನಾಳೆ ಮಗೂಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವು ಏನಂತೀರ? ಬಸುರಿ ನೋಡ್ಕೊಂಡು ನಡೀಬಾರ್ದಾ, ಕಲ್ಲಿನ ಮೇಲೆ ಬಿದ್ಲು, ಅದಕ್ಕೇ ಹೀಗಾಯ್ತು ಅಂತೀರ. ನಿಮ್ಮ ತಾಯಿ ಅಂತಾರೆ, ಊರೋರು ಅಂತಾರೆ. ಅವಳು ಸಾಯೋತನಕ ಹೊತ್ಕೊಂಡಿರ್ತಾಳೆ. ಬಿದ್ದಿದ್ದು ಅವಳು ನಿಜ, ಸ್ವಿಚ್ ಒತ್ತಿದ್ದು ನಾನು. ಅದು ನಿಮಗೆ ಗೊತ್ತಿರ್ಲಿ.”

ನಾನು ವ್ಯಾಪಾರಿ. ತನ್ನ ಕೈಯಾರೆ ನಷ್ಟವನ್ನು ತನ್ನ ಕಡೆಗೆ ಎಳೆದುಕೊಂಡ ಮನುಷ್ಯರನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ಆದರೆ ಆವತ್ತು ಅದು ತಲೆಗೆ ಹೋಗಲಿಲ್ಲ. ಬಾಯಿಗೆ ಬಂದಂತೆ ಅಂದೆ. ನಿಂತು ಕೇಳಿಸಿಕೊಂಡರು.

ಡಾಕ್ಟರು ಒಳಗೆ ಕರೆದು, ತೆಗೆಸಿಬಿಡುವುದೇ ಸುರಕ್ಷಿತ, ಇನ್ನೂ ವಯಸ್ಸಿದೆ ಎಂದರು. ಮೇಡಂ ನಮ್ಮನ್ನು ಬಸವನಗುಡಿಯ ಒಬ್ಬ ಹಿರಿಯ ಲೇಡಿ ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋದರು. ಆಕೆ, “ಒಂದು ಫಿಲ್ಮಿಗೆ ಬಹುಶಃ ಏನೂ ಆಗೋದಿಲ್ಲ” ಎಂದರು. ನನ್ನ ಕೆಟ್ಟ ಅಭ್ಯಾಸ ನೋಡಿ, ನಾನು ಆ ‘ಬಹುಶಃ’ದ ಮೇಲೆ ಚೌಕಾಸಿಗೆ ಇಳಿದೆ. ರೂಪಾಯಿಗೆ ಎಷ್ಟಾಣೆ ನಂಬಬಹುದು ಡಾಕ್ಟ್ರೇ? ಮುಕ್ಕಾಲು ಅನ್ನಬಹುದಾ? ಅದಕ್ಕಿಂತ ಜಾಸ್ತಿನಾ? ಆಕೆ ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಮೇಡಂ ಕಡೆ ತಿರುಗಿ, “ನೀವಾದ್ರೂ ಹೇಳಿ” ಎಂದೆ.

“ನಾನು ಹೇಳಲ್ಲ. ನನಗೆ ಆ ಹಕ್ಕಿಲ್ಲ. ಅವಳನ್ನ ಕೇಳಿ.”

ನನ್ನ ಹೆಂಡತಿ ನೆಲ ನೋಡುತ್ತ ಹೇಳಿದಳು, “ಇಷ್ಟು ವರ್ಷ ಕಾದ ಮೇಲೆ ಬಂದಿದೆ. ಇರ್ಲಿ. ಹೇಗೆ ಬಂದ್ರೂ ನನ್ದೇ.”

ಅಮ್ಮನಿಗೆ ಏನನ್ನೂ ಹೇಳಬಾರದೆಂದು ನಾವು ಮೂವರು ನಿಶ್ಚಯಿಸಿಕೊಂಡೆವು. ಹೀಗೆ ಆ ಕೂಸು ಹುಟ್ಟುವ ಮೊದಲೇ ನಮ್ಮ ಮೂವರ ನಡುವೆ ಬಂದು ಕೂತಿತು.

ಆ ತಿಂಗಳುಗಳನ್ನು ಹೇಗೆ ಕಳೆದೆವೋ. ಸಂಜೆ ಅಂಗಡಿಯಿಂದ ಬಂದವನು ಆ ಕಂದು ಕವರನ್ನು ಟ್ರಂಕಿನ ಹಿಂದಿನಿಂದ ತೆಗೆದು, ಹಿತ್ತಲ ಬಾಗಿಲಲ್ಲಿ ನಿಂತು ಫಿಲ್ಮನ್ನು ಮುಳುಗುವ ಬೆಳಕಿಗೆ ಹಿಡಿಯುತ್ತಿದ್ದೆ. ನನ್ನ ಹೆಂಡತಿಯ ಸೊಂಟದ ಮೂಳೆಗಳು ಎರಡು ಬೊಗಸೆ ಜೋಡಿಸಿದಂತೆ ಬೆಳ್ಳಗಿದ್ದವು. ನಡುವೆ ಬೂದು. ಆ ಬೂದುಬಣ್ಣದಲ್ಲಿ ಎಲ್ಲೋ ನನ್ನ ಮಗು ಇತ್ತು. ಕಣ್ಣು ಕಿರಿದು ಮಾಡಿ, ಹತ್ತಿರ ಹಿಡಿದು, ದೂರ ಹಿಡಿದು ಹುಡುಕುತ್ತಿದ್ದೆ. ಒಂದು ಸಂಜೆ ಒಂದು ಮಸುಕಾದ ಚುಕ್ಕೆ ಕಂಡಂತಾಗಿ ಬೆವರಿಬಿಟ್ಟೆ. ಮರುದಿನ ಮೇಡಂಗೆ ಒಯ್ದು ತೋರಿಸಿದೆ. ಅವರು ಆಕಾಶಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. “ಅದು ನೀರಿನ ಕಲೆ ರೀ. ನಾನೇ ಸರಿಯಾಗಿ ಒಣಗಿಸಿಲ್ಲ. ಅಷ್ಟು ಚಿಕ್ಕದ್ದು ಇದ್ರಲ್ಲಿ ಕಾಣೋದಿಲ್ಲ.” ವಾಪಸು ಕೊಡುವ ಮುಂಚೆ ಇನ್ನೊಮ್ಮೆ ಬೆಳಕಿಗೆ ಹಿಡಿದರು. ಅವರೂ ಹುಡುಕಿದ್ದರು ಎಂದು ಗೊತ್ತಾಯಿತು.

ಮಗಳು ಹುಟ್ಟಿದಳು. ಮೇಡಂ ಡ್ಯೂಟಿ ಬಿಟ್ಟು, ಬಿಳಿ ಕೋಟಿನಲ್ಲೇ ಹೆರಿಗೆ ಆಸ್ಪತ್ರೆಗೆ ಓಡಿಬಂದರು. ಸುತ್ತಿದ ಬಟ್ಟೆ ಬಿಚ್ಚಿ, ಆ ಕಂದು ಬೆರಳಿನಿಂದ ಕೂಸಿನ ಕೈಬೆರಳು, ಕಾಲ್ಬೆರಳು, ತುಟಿ, ಅಂಗುಳ, ಬೆನ್ನುಮೂಳೆ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. ಅಮ್ಮನಿಗೆ ರೇಗಿತು. “ಏನಮ್ಮ, ಸಂತೇಲಿ ಕರ ನೋಡ್ದಂಗೆ ನೋಡ್ತೀಯ?”

“ಚೆನ್ನಾಗಿದಾಳೆ ಅಮ್ಮ” ಎಂದರು ಮೇಡಂ. “ಎಲ್ಲ ಇದೆ.”

ಅಮ್ಮನ ಲೆಕ್ಕದಲ್ಲಿ ಕೂಸು ಏಳು ತುಂಬಿ ಎಂಟರಲ್ಲಿ ಹುಟ್ಟಿತ್ತು. “ದಿನ ತುಂಬದೆ ಹುಟ್ಟಿ ಇಷ್ಟು ದಪ್ಪ! ನಮ್ಮ ವಂಶದ ಗಟ್ಟಿ ಅದು” ಎಂದು ಬನಶಂಕರಿ, ಪದ್ಮನಾಭನಗರದವರೆಗೂ ಹೇಳಿಕೊಂಡು ಬಂದಳು. ಮುಂದೊಂದು ದಿನ ಆ ಹೆಮ್ಮೆಯಲ್ಲೇ ಕಣ್ಣು ಮುಚ್ಚಿದಳು. ನಾವು ತಿದ್ದಲಿಲ್ಲ.

ಎಲ್ಲ ಇದೆ ಎಂದವರು ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಾಗಲಿಲ್ಲ. ಕತ್ತು ನಿಂತಿತಾ, ದೀಪ ಹಿಡಿದರೆ ಕಣ್ಣು ತಿರುಗಿಸುತ್ತಾ ಎಂದು ಬಂದು ಬಂದು ಕೇಳುತ್ತಿದ್ದರು. ಕೂಸಿನ ಹಿಂದೆ ನಿಂತು ಚಪ್ಪಾಳೆ ತಟ್ಟಿ, ಅದು ತಿರುಗಿದರೆ ನಿಟ್ಟುಸಿರು ಬಿಡುತ್ತಿದ್ದರು. ಅವರು ಮದುವೆಯಾದವರಲ್ಲ, ಬನಶಂಕರಿ ಎರಡನೇ ಹಂತದಲ್ಲಿ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ಅವರು ಹೋದ ಕೂಡಲೇ ಅಮ್ಮ, “ಮಕ್ಕಳಿಲ್ದೋಳು ಹಂಗೆ ಕಣ್ಣು ನೆಟ್ಟು ನೋಡ್ಬಾರ್ದು” ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಮೆಣಸಿನಕಾಯಿಯ ಘಾಟಿಗೆ ನಾನೂ ಹೆಂಡತಿಯೂ ಕಣ್ಣು ಒರೆಸಿಕೊಳ್ಳುತ್ತಿದ್ದೆವು. ನಮಗೂ ಅದೇ ರೋಗ ಅಂಟಿತ್ತು. ಬೇರೆ ಮಕ್ಕಳಿಗೆ ಜ್ವರ ಬಂದರೆ ಅದು ಜ್ವರ. ನಮ್ಮ ಮಗಳಿಗೆ ಬಂದರೆ ಆ ಫಿಲ್ಮು.

ಅವಳಿಗೆ ನಾಲ್ಕು ವರ್ಷವಾಗಿದ್ದಾಗ ದೊಡ್ಡ ಸೂರ್ಯಗ್ರಹಣ ಬಂತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಇಟ್ಟಮಡುವಿನ ಬೀದಿಯಲ್ಲಿ ನಾಯಿ ಕೂಡ ಇರಲಿಲ್ಲ. ಮಟಮಟ ಮಧ್ಯಾಹ್ನ ದಾಟಿದ ಮೇಲೆ ಬೆಳಕು ಬೂದಿಯಾಗತೊಡಗಿತು. ಆ ಬೆಳಕಿನಲ್ಲಿ ಒಬ್ಬರೇ ಒಬ್ಬರು ನಡೆದು ಬರುತ್ತಿರುವುದನ್ನು ಕಿಟಕಿಯಿಂದ ಕಂಡೆ. ಬಿಳಿ ಕೋಟು. ಬಸ್ಸಿಲ್ಲದೆ ಕ್ಲಿನಿಕ್ಕಿನಿಂದ ನಡೆದೇ ಬಂದಿದ್ದರು. ಬಾಗಿಲು ತೆಗೆಯುತ್ತಿದ್ದಂತೆ, “ಮಗು ಎಲ್ಲಿ?” ಎಂದರು. “ಎಕ್ಸ್‌ರೇ ಫಿಲ್ಮಲ್ಲಿ ಗ್ರಹಣ ನೋಡ್ಬೋದು ಅಂತ ಮಕ್ಳಿಗೆ ಯಾರೋ ಹೇಳ್ಕೊಟ್ಟಿದಾರೆ. ಎಲ್ಲ ಕಡೆ ಅದೇ ಮಾತು. ಅದು ಕಣ್ಣು ಕಾಯೋದಿಲ್ಲ ರೀ!”

ಹಿತ್ತಲಿಗೆ ಓಡಿದೆವು. ಮಗಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತಿದ್ದಳು. ಟ್ರಂಕಿನ ಹಿಂದಿನಿಂದ ಆ ಫಿಲ್ಮನ್ನು ಎಳೆದುಕೊಂಡು, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಇನ್ನೇನು ಮುಖ ಮೇಲೆತ್ತಬೇಕು. ಮೇಡಂ ಕಿತ್ತುಕೊಂಡರು. ಹುಡುಗಿ ಅಳಲಿಲ್ಲ. ಮದುವೆ ಫೋಟೋ ನೋಡುವಾಗ ಎಲ್ಲ ಮಕ್ಕಳೂ ಕೇಳುವಂತೆ ಕೇಳಿದಳು.

“ಅದ್ರಲ್ಲಿ ಯಾರಿದಾರೆ ಆಂಟಿ?”

“ನಿಮ್ಮಮ್ಮ.”

“ನಾನೆಲ್ಲಿದೀನಿ?”

ಮೇಡಂ ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಸುತ್ತಲೂ ಹಕ್ಕಿಗಳ ಸದ್ದು ನಿಂತುಹೋಗಿತ್ತು. ಮಗಳು ಮತ್ತೊಮ್ಮೆ ಕೇಳಿದಳು. ಬೆಳಕು ಮರಳಿದ ಮೇಲೆ ಮೇಡಂ ಆ ಫಿಲ್ಮನ್ನು ಮಡಚಿ ಕೋಟಿನೊಳಗೆ ಇಟ್ಟುಕೊಂಡು ಹೋದರು. ನಾವು ವಾಪಸು ಕೇಳಲಿಲ್ಲ.

ಕೆಲಸದಲ್ಲಿ ಅವರು ಬ್ರೆಡ್ಡಿನ ಉಪಾಯವನ್ನು ಯಾವಾಗಲೋ ಬಿಟ್ಟಿದ್ದರು. ಮುಲಾಜಿಲ್ಲದೆ ಎಲ್ಲರನ್ನೂ ಹೊರಗೆ ಹಾಕಿ ಚಿಲಕ ಹಾಕುತ್ತಿದ್ದರು. ಕೋಣೆ ಖಾಲಿಯಾಗದೆ ಮಿಷನ್ ಮುಟ್ಟುತ್ತಿರಲಿಲ್ಲ, ಡಾಕ್ಟರು ಎಷ್ಟೇ ಕೂಗಲಿ. ಜಗಳಗಂಟಿ ಎಂದು ಹೆಸರಾಯಿತು. ಬೈದುಕೊಂಡು ಹೊರಗೆ ನಿಲ್ಲುವ ಅತ್ತೆಯರಿಗೆಂದು ನಾನು ಮರದ ಕೆಳಗೆ ಒಂದು ಬೆಂಚು ಹಾಕಿಸಿದೆ. ವ್ಯಾಪಾರಕ್ಕೂ ಆಯಿತು, ನಿಜ. ನನ್ನ ಹತ್ತಿರ ಬುದ್ಧಿಮಾತು ಕೇಳಲು ಬರುವವರಿಗೆ ಅಂಗಡಿಯ ವಿಷಯ ಹೇಳಿ ಮುಗಿದ ಮೇಲೆ ಇದನ್ನೂ ಹೇಳುತ್ತೇನೆ: ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಎಕ್ಸ್‌ರೇಗೆ ಕರೆದುಕೊಂಡು ಹೋದರೆ, ಅವರು ಹೇಳುವ ಮೊದಲೇ ನೀವು ಹೊರಗೆ ಬನ್ನಿ. ಜೊತೆಗಿರುವವರನ್ನೂ ಕರೆದುಕೊಂಡು ಬನ್ನಿ.

ಎಂಬತ್ತರ ದಶಕದ ಕೊನೆಗೆ ಅವರ ಕೈಮೇಲೆ ನೀಲಿ ಗುರುತುಗಳು ಕಾಣಿಸಿಕೊಂಡವು. ಎಲ್ಲೂ ತಾಗಿಸಿಕೊಳ್ಳದೆ ಬರುವ ಗುರುತು. ರಕ್ತದ ಕಾಯಿಲೆ ಎಂದರು. ಅಷ್ಟು ವರ್ಷದ ಕಿರಣದಿಂದಲೇ ಬಂತೆಂದು ಯಾರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅದೇ ‘ಬಹುಶಃ’ ಈಗ ಅವರ ಮನೆಗೆ ಬಂದಿತ್ತು.

ಕೊನೆಯ ಸಲ ಹೋದಾಗ ಮಗಳನ್ನೂ ಕರೆದುಕೊಂಡು ಹೋಗಿದ್ದೆವು. ಹೈಸ್ಕೂಲು ಸೇರುವ ವಯಸ್ಸು ಅವಳಿಗೆ. ಅವರ ಮಂಚದ ಪಕ್ಕ ಕೂತು ಶಾಲೆಯ ಖೋಖೋ ಕಥೆ ಹೇಳಿ, ಯಾರದೋ ನಡಿಗೆ ಅಣಕಿಸಿ ನಗಿಸಿ, ಆಮೇಲೆ ಬೇಜಾರಾಗಿ ಹೊರಗೆ ಹೋದಳು. ಕಾಂಪೌಂಡಿನಲ್ಲಿ ಅವಳು ಕುಂಟಾಬಿಲ್ಲೆ ಆಡುವ ಸದ್ದು ಕೇಳುತ್ತಿತ್ತು. ಮೇಡಂ ಆ ಸದ್ದು ಆಲಿಸುತ್ತ ಮಲಗಿದ್ದರು. ಸಾಲ ಎನ್ನುವ ಮಾತು ನಾನು ಸುಮ್ಮನೆ ಆಡುವವನಲ್ಲ. ಆದರೂ ಆವತ್ತು ಹೇಳಿಬಿಟ್ಟೆ. “ನೀವು ಆವತ್ತು ಹೇಳದೆ ಇದ್ದಿದ್ರೆ, ಇವಳು ಒಂದು ಸಲ ಕೆಮ್ಮಿದ್ರೂ ನಾನು ಹೆಂಡತೀನೇ ಬೈತಿದ್ದೆ ಮೇಡಂ. ಒಂದು ದಿನಾನೂ ಬೈದಿಲ್ಲ. ಅದು ನಿಮ್ಮಿಂದ.”

ಅವರು ನನ್ನ ಕಡೆ ನೋಡಲಿಲ್ಲ. ನನ್ನ ಹೆಂಡತಿಯ ಕೈ ಹಿಡಿದುಕೊಂಡರು.

“ಒಂದು ಕೇಳ್ತೀನಿ. ಹದಿಮೂರು ವರ್ಷದಿಂದ ಕೇಳ್ಬೇಕು ಅಂತಿದೀನಿ, ಧೈರ್ಯ ಆಗ್ಲಿಲ್ಲ. ಆವತ್ತು ನಿಮ್ಮತ್ತೇನ ಹೊರಗೆ ಕಳಿಸಿ, ನಿನ್ನೊಬ್ಬಳನ್ನೇ ಕೇಳಿದ್ದಿದ್ರೆ, ನೀನು ನಿಜ ಹೇಳ್ತಿದ್ಯಾ?”

ಹೊರಗೆ ಬಿಲ್ಲೆ ಬಿದ್ದ ಸದ್ದು. ಹೆಂಡತಿ ಸ್ವಲ್ಪವೂ ತಡಮಾಡಲಿಲ್ಲ.

“ಇಲ್ಲ ಅಕ್ಕ. ಹೇಳ್ತಿರ್ಲಿಲ್ಲ. ನೀವು ಬಾಗಿಲು ಹಾಕಿ ಕೇಳಿದ್ರೂ ಹೋದ ವಾರ ಅಂತಾನೇ ಹೇಳ್ತಿದ್ದೆ. ಯಾರಿಗೂ ಹೇಳ್ಬಾರ್ದು ಅಂತ ಗಟ್ಟಿ ಮಾಡ್ಕೊಂಡಿದ್ದೆ.”

“ನಿಜವಾಗ್ಲೂ?”

“ನನ್ನ ಮಗಳಾಣೆ.”

ಮೇಡಂ ಕಣ್ಣು ಮುಚ್ಚಿಕೊಂಡರು. “ಹಾಗಾದ್ರೆ ಸರಿ” ಎಂದರು. ಎದೆ ಇಳಿಯುವುದು ಹೊದಿಕೆಯ ಮೇಲಿನಿಂದಲೇ ಕಂಡಿತು. ಆ ವಾರವೇ ತೀರಿಕೊಂಡರು. ಬನಶಂಕರಿ ಚಿತಾಗಾರದಲ್ಲಿ ಅವರ ಕಡೆಯವರೆಂದು ನಿಂತವರು ನಾವೇ ಹೆಚ್ಚು.

ನನಗೆ ಎದುರಿಗಿರುವವರ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಬೆರಕೆ ಎಂದು ಧ್ವನಿಯಲ್ಲೇ ಗೊತ್ತಾಗುತ್ತದೆ. ಅದರಲ್ಲೇ ಅನ್ನ ತಿಂದವನು. ಹೆಂಡತಿಯ ಆ ಉತ್ತರ ಮಾತ್ರ ಗೊತ್ತಾಗಲಿಲ್ಲ. ಮಗಳ ಮೇಲೆ ಸುಳ್ಳು ಆಣೆ ಇಡುವವಳಲ್ಲ ಅವಳು. ಅದೂ ಆ ಮಗಳ ಮೇಲೆ. ಹಾಗೆಂದು, ಮೇಡಂ ಕೈ ಹಿಡಿದವಳು, ಅವರನ್ನು ಬಾಯ್ತುಂಬ ಅಕ್ಕ ಎನ್ನುತ್ತಿದ್ದವಳು, ಒಬ್ಬಳೇ ಇದ್ದಾಗ ಕೇಳಿದ್ದರೆ ಹೇಳದೆ ಇರುತ್ತಿದ್ದಳೇ? ಬೇರೆ ಯಾರಿಗೂ ಹೇಳದ್ದನ್ನು ಅಂಗಡಿಯ ಮುಂದೆ ಅವರೊಬ್ಬರಿಗೇ ನಗುತ್ತ ಹೇಳಿದವಳಲ್ಲವೇ?

ತಿಥಿ ಎಲ್ಲ ಮುಗಿದ ಮೇಲೆ ಒಂದು ಬೆಳಗ್ಗೆ ಕೇಳಿದೆ. ಅವಳು ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿ, ಬಾಗಿಲಲ್ಲಿ ನಿಂತು ಅವಳು ತಿರುವು ದಾಟುವವರೆಗೂ ನೋಡುತ್ತಿದ್ದಳು. ದಿನವೂ ಹಾಗೇ ನೋಡುತ್ತಿದ್ದಳು. ತಿರುಗದೆ ಹೇಳಿದಳು:

“ಅವರು ಕೇಳಿದ್ರು, ಅವರಿಗೆ ಹೇಳ್ದೆ. ನೀವು ಆವತ್ತು ಹೊರಗಡೆ ನಿಂತಿದ್ರಿ.”

ಆಮೇಲೆ ನಾನು ಕೇಳಿಲ್ಲ.